ಬಿಟ್ಟು ಓದಿದ ಸಾಲು

ಕೆಲಸಕ್ಕೆ ಸೇರಿದ ದಿನವೇ ನಮ್ಮ ಅಧಿಕಾರಿ ನನ್ನನ್ನು ಎದುರು ಕೂರಿಸಿಕೊಂಡು ಒಂದು ಮಾತು ಹೇಳಿದರು. "ನೋಡಿ, ಇಲ್ಲಿ ನೀವು ಬರೆದದ್ದು ನಿಮ್ಮದಲ್ಲ. ಚೆನ್ನಾಗಿ ಬಂದರೂ ನಿಮ್ಮದಲ್ಲ, ಕೆಟ್ಟರೂ ನಿಮ್ಮದಲ್ಲ." ಮೊದಲರ್ಧ ನಿಜವಾಯಿತು. ಉಳಿದರ್ಧ ಆಗಲಿಲ್ಲ.

ಎಪ್ಪತ್ತರ ದಶಕದ ಮೊದಲ ವರ್ಷಗಳು ಅವು. ಕೊಡಿಯಾಲ್‌ಬೈಲಿನ ಒಂದು ಹಂಚಿನ ಕಟ್ಟಡದ ಮಾಳಿಗೆಯಲ್ಲಿ ನಮ್ಮ ಪ್ರಚಾರ ಕಚೇರಿ ಇತ್ತು. ಸರಕಾರ ಏನು ಮಾಡಿದೆ, ಏನು ಮಾಡಲಿದೆ ಎಂದು ಜನರಿಗೆ ತಿಳಿಸುವುದು ನಮ್ಮ ಕೆಲಸ. ಏನು ಮಾಡಿಲ್ಲ ಎಂದು ತಿಳಿಸುವುದು ಬೇರೆ ಯಾವುದೋ ಕಚೇರಿಯ ಕೆಲಸವಿರಬೇಕು, ಆ ಕಚೇರಿ ಎಲ್ಲಿದೆಯೆಂದು ನನಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಬರೆಯುವವನೂ ನಾನೇ, ತಿದ್ದುವವನೂ ನಾನೇ. ಪತ್ರಿಕೆಗಳಿಗೆ ಟಿಪ್ಪಣಿ, ಹಳ್ಳಿಗಳಿಗೆ ಕರಪತ್ರ, ತಿಂಗಳಿಗೊಂದು ತೆಳ್ಳಗಿನ ಸಂಚಿಕೆ. ಸಚಿವರು ಊರಿಗೆ ಬರುವ ಮುಂಚಿನ ದಿನವೇ ಅವರ ಭಾಷಣದ ವರದಿಯನ್ನು ಬರೆದು, "ಎಂದು ಕರೆ ನೀಡಿದರು" ಎಂದು ಮುಗಿಸಿ, ಸೈಕ್ಲೋಸ್ಟೈಲ್ ಮಾಡಿ ಇಟ್ಟುಬಿಡುತ್ತಿದ್ದೆ. ಅವರು ಬಂದು ಬೇರೇನೋ ಮಾತಾಡಿ ಹೋದರೂ ಮರುದಿನದ ಪತ್ರಿಕೆಯಲ್ಲಿ ನಾನು ಬರೆದದ್ದೇ ಬರುತ್ತಿತ್ತು. ಯಾರೂ ದೂರು ಕೊಟ್ಟವರಿಲ್ಲ. ಸಚಿವರಿಗೂ ಅದೇ ಹೆಚ್ಚು ಹಿಡಿಸುತ್ತಿತ್ತು.

ನಮ್ಮ ಅಧಿಕಾರಿ ಘಟ್ಟದ ಮೇಲಿನವರು. ಕೆಟ್ಟ ಮನುಷ್ಯರಲ್ಲ. ಆದರೆ ಸರಳವಾದ ಒಂದು ವಾಕ್ಯ ಕಂಡರೆ ಅವರಿಗೆ ಮೈಮೇಲೆ ಬಟ್ಟೆಯಿಲ್ಲದವನನ್ನು ಕಂಡಷ್ಟು ಮುಜುಗರ. "ಅರ್ಜಿ ಕೊಡಿ" ಎಂದು ನಾನು ಬರೆದರೆ "ನಿಗದಿತ ನಮೂನೆಯಲ್ಲಿ ಸಕ್ಷಮ ಪ್ರಾಧಿಕಾರಕ್ಕೆ ಸಲ್ಲಿಸತಕ್ಕದ್ದು" ಎಂದು ತಿದ್ದಿ, ಕೆಂಪು ಶಾಯಿಯ ಪೆನ್ನಿಗೆ ಮುಚ್ಚಳ ಹಾಕಿ, ತೃಪ್ತಿಯಿಂದ ಕಾಫಿ ತರಿಸುತ್ತಿದ್ದರು. ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ ಮಾತಾಡುವ ಜನರ ಊರು ಇದು. ಕನ್ನಡವೇ ನಮಗೆ ಚಪ್ಪಲಿ ಹಾಕಿಕೊಂಡು ಹೊರಟಾಗಿನ ಭಾಷೆ, ಅದಕ್ಕೆ ಈ ಜರತಾರಿ ಬೇರೆ.

ಹೀಗಿರುವಾಗ ಉಳುವವನಿಗೇ ಹೊಲ ಎಂಬ ಕಾನೂನು ಬಂತು. ಒಡೆಯನ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದ ಒಕ್ಕಲು ಒಂದು ಅರ್ಜಿ ಹಾಕಿದರೆ ಸಾಕು, ವಿಚಾರಣೆಯಾಗಿ ಗದ್ದೆ ಅವನದೇ ಆಗುತ್ತದೆ. ಆದರೆ ಗಡುವಿನೊಳಗೆ ಹಾಕಬೇಕು. ಅದನ್ನು ಜಿಲ್ಲೆಯ ಮೂಲೆಮೂಲೆಗೆ ಮುಟ್ಟಿಸುವ ಜವಾಬ್ದಾರಿ ನಮ್ಮ ಕಚೇರಿಯ ತಲೆಗೆ ಬಿತ್ತು. ನಾಲ್ಕು ಪುಟದ ಒಂದು ಕರಪತ್ರ ಬರೆಯಲು ನನಗೆ ಹೇಳಿದರು.

ಬರೆಯುವ ಮುಂಚೆ ಮೈಕು ಕಟ್ಟಿದ ಜೀಪಿನಲ್ಲಿ ಒಂದು ವಾರ ಸುತ್ತಿದೆ. ಹೋದಲ್ಲೆಲ್ಲ ಜನ ಕೇಳಿದ್ದು ಒಂದೇ. "ನನ್ನತ್ರ ಚೀಟಿ ಇಲ್ಲ, ಎಂತ ಮಾಡುವುದು?" ಗೇಣಿಯ ಅಕ್ಕಿ ತೆಗೆದುಕೊಂಡದ್ದಕ್ಕೆ ಒಡೆಯರು ಚೀಟಿ ಕೊಡಬೇಕು. ಕಾನೂನಿನ ಗಾಳಿ ಬೀಸುವ ಎಷ್ಟೋ ಮುಂಚೆಯೇ ಬುದ್ಧಿವಂತ ಒಡೆಯರೆಲ್ಲ ಅದನ್ನು ನಿಲ್ಲಿಸಿಬಿಟ್ಟಿದ್ದರು. ಮೂರು ತಲೆಮಾರು ಉತ್ತವರ ಕೈಯಲ್ಲಿ ಒಂದು ಕಾಗದದ ಚೂರೂ ಇರಲಿಲ್ಲ. ಚೀಟಿ ಬೇಕಾಗಿಲ್ಲ ಎಂದು ಕಾನೂನಿನಲ್ಲಿ ಇತ್ತು. ಆದರೆ ಅದು ಕಾನೂನಿನ ಕನ್ನಡದಲ್ಲಿತ್ತು.

ನಾನು ಕಚೇರಿಗೆ ಬಂದು ಕೂತು ಹೀಗೆ ಬರೆದೆ: "ಚೀಟಿ ಇಲ್ಲದಿದ್ದರೆ ಹೆದರಬೇಡಿ. ಬಾಯಿಮಾತಿನ ಗೇಣಿಯೂ ಗೇಣಿಯೇ. ನೀವು ಉಳುವುದನ್ನು ಕಂಡ ನೆರೆಯವರು ಬಂದು ಹೇಳಿದರೆ ಸಾಕು." ಅಧಿಕಾರಿ ಅದರ ಮೇಲೆ ಕೆಂಪು ಗೆರೆ ಎಳೆದರು. ನಾನು ಜಗಳ ಮಾಡಿದೆ. ಅವರು ಗೆರೆ ಅಳಿಸಲಿಲ್ಲ. ಆಮೇಲೆ ಅಚ್ಚುಕೂಟಕ್ಕೆ ಪ್ರೂಫ್ ನೋಡಲು ಹೋದಾಗ, ಒದ್ದೆ ಕಾಗದದ ಅಂಚಿನಲ್ಲಿ ಆ ಸಾಲುಗಳನ್ನು ನನ್ನ ಕೈಯಾರೆ ಮತ್ತೆ ಸೇರಿಸಿದೆ. ಮೊಳೆ ಜೋಡಿಸುವ ಮುದುಕ ಕನ್ನಡಕ ಏರಿಸಿ ಓದಿ, "ಇದು ಮಾತ್ರ ನನಗೆ ಅರ್ಥ ಆಯ್ತು ಮಾರಾಯ್ರೇ" ಅಂದ. ಅವತ್ತು ನಾನು ನಡೆದು ಮನೆಗೆ ಬಂದೆ, ಬಸ್ಸು ಹತ್ತುವ ನೆನಪೇ ಆಗಲಿಲ್ಲ. ನನ್ನ ಬದುಕಿನಲ್ಲಿ ಅದಕ್ಕಿಂತ ಚೆನ್ನಾಗಿ ನಾನು ಏನನ್ನೂ ಬರೆದಿಲ್ಲ.

ಇಲ್ಲಿ ನನ್ನ ಮನೆಯ ವಿಷಯ ಹೇಳಬೇಕು. ನಮ್ಮದು ಒಂದು ಕಾಲಕ್ಕೆ ಭೂಮಿಯಿದ್ದ ಕುಟುಂಬ. ನಮ್ಮಲ್ಲಿ ಆಸ್ತಿ ತಾಯಿಯ ಕಡೆಯಿಂದ ಇಳಿಯುತ್ತದೆ. ಹೊಳೆಯಾಚೆಯ ಗದ್ದೆಗಳಿಗೆಲ್ಲ ಅಲ್ಲಿನ ಒಕ್ಕಲುಗಳು ಕಾನೂನು ಬಂದ ಕೂಡಲೇ ಅರ್ಜಿ ಹಾಕಿದರು. ಅಮ್ಮನ ಅಣ್ಣ, ನನ್ನ ಸೋದರಮಾವ, ಕೋರ್ಟು ಅಲೆದು ಸುಸ್ತಾದರು. ಅಮ್ಮನ ಪಾಲಿಗೆ ಉಳಿದದ್ದು ಒಂದೇ ಗದ್ದೆ, ಪೇಟೆಯ ನಡುವೆಯೇ, ಕೊಡಿಯಾಲ್‌ಬೈಲಿನ ತಗ್ಗಿನಲ್ಲಿ. ಆಗ ಅಲ್ಲಿ ಇನ್ನೂ ಭತ್ತ ಬೆಳೆಯುತ್ತಿತ್ತು. ದಿಬ್ಬದ ಮೇಲೆ ನಮ್ಮ ಮನೆ, ಕೆಳಗೆ ಗದ್ದೆ, ಗದ್ದೆಯ ಬದಿಯಲ್ಲಿ ಒಕ್ಕಲಿನವನ ಗುಡಿಸಲು.

ಅವನ ಅಪ್ಪನ ಕಾಲದಿಂದ ಆ ಗದ್ದೆ ಅವರ ಕೈಯಲ್ಲಿತ್ತು. ಅವನು ನನಗಿಂತ ಹನ್ನೆರಡು ವರ್ಷ ದೊಡ್ಡವನು. ಮಳೆಗಾಲದಲ್ಲಿ ಬೈಲು ತುಂಬಿ ದಾರಿ ಮುಳುಗಿದಾಗ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಶಾಲೆಗೆ ದಾಟಿಸಿದವನು. ಆದರೂ ಮಾತು ಬಂದಂದಿನಿಂದ ನಾನು ಅವನನ್ನು ಏಕವಚನದಲ್ಲೇ ಕರೆದೆ. ಈಗ ಬರೆಯುವಾಗ ತಿದ್ದಿ "ಅವರು" ಎಂದು ಮಾಡಿದರೆ ಅದೂ ಒಂದು ಸುಳ್ಳಾಗುತ್ತದೆ, ಹಾಗಾಗಿ ಇದ್ದದ್ದು ಇದ್ದ ಹಾಗೇ ಬರೆಯುತ್ತೇನೆ.

ಅಮ್ಮ ಅವನಿಗೂ ಚೀಟಿ ಕೊಟ್ಟಿರಲಿಲ್ಲ. ಕೆಟ್ಟತನದಿಂದಲ್ಲ, ಭಯದಿಂದ. ಅಪ್ಪ ಇರಲಿಲ್ಲ. ನನ್ನ ಸಂಬಳ ತಿಂಗಳ ಇಪ್ಪತ್ತನೇ ತಾರೀಕಿಗೆ ಏದುಸಿರು ಬಿಡುತ್ತಿತ್ತು. ಕರಪತ್ರದ ಕಟ್ಟನ್ನು ನಾನು ಒಮ್ಮೆ ಮನೆಗೆ ತಂದಾಗ ಅಮ್ಮ ಅದನ್ನು ಜಗಲಿ ದಾಟಲು ಬಿಡಲಿಲ್ಲ. "ಸರಕಾರದ ಕಾಗದ ಬರೆಯುವವನು ನೀನು. ಬರಿ, ನಾನು ಬೇಡ ಹೇಳುವುದಿಲ್ಲ. ಆ ಕಾಗದ ಈ ಬೈಲಿಗೆ ತರಬೇಡ" ಎಂದರು. ಒಳಗೆ ಹೋಗುವಾಗ ತಿರುಗಿ, "ಇದೂ ಹೋದ್ರೆ ನಾನು ಯಾರ ಅಂಗಳದಲ್ಲಿ ಕೂತುಕೊಳ್ಳುವುದು?" ಎಂದು ಕೇಳಿದರು. ಕಟ್ಟನ್ನು ಮರುದಿನ ಕಚೇರಿಗೆ ವಾಪಸು ಒಯ್ದೆ.

ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುತ್ತಾರೆ. ನಾನು ಮನೆಗೆ ಮಾರಿಯಾಗಲು ಒಪ್ಪಲಿಲ್ಲ. ಮಾರಿಯಾದದ್ದು ಬೇರೊಬ್ಬನ ಮನೆಗೆ.

ಕಾಗದಕ್ಕೆ ಕಾಲಿಲ್ಲದಿದ್ದರೂ ಅದು ಬೈಲಿಗೆ ಬಂದೇ ಬಂತು. ಒಂದು ದಿನ ಮಧ್ಯಾಹ್ನ ಊಟದ ಹೊತ್ತಿಗೆ ಒಕ್ಕಲಿನವನು ಕಚೇರಿಯ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತಿದ್ದ. ಒಂದು ಕೈಯಲ್ಲಿ ಹರಿವೆ ಸೊಪ್ಪಿನ ಕಟ್ಟು, ಇನ್ನೊಂದರಲ್ಲಿ ನನ್ನ ಕರಪತ್ರ. ಬಿಕರ್ನಕಟ್ಟೆಯಲ್ಲಿ ಯಾರದೋ ಕೆಲಸಕ್ಕೆ ಹೋಗಿದ್ದಾಗ ನಮ್ಮ ಜೀಪಿನವರು ಕೊಟ್ಟದ್ದಂತೆ. ಮೈಕಿನಲ್ಲಿ "ಅರ್ಜಿ ಹಾಕಿ, ಅರ್ಜಿ ಹಾಕಿ" ಎನ್ನುವುದಷ್ಟೇ ಕೇಳಿತು, ಉಳಿದದ್ದೆಲ್ಲ ಸಿನೆಮಾ ಹಾಡು ಎಂದು ನಕ್ಕ. ಅವನಿಗೆ ಓದಲು ಬರುತ್ತಿರಲಿಲ್ಲ. ನಮ್ಮ ಮಾತು ತುಳುವಿನಲ್ಲಿ ನಡೆದದ್ದು, ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

"ಇದು ನೀವೇ ಬರೆದದ್ದಂತೆ ಅಲ್ವಾ, ಸಣ್ಣ ಧಣಿ?"

"ಹೌದು."

"ಹಾಗಾದ್ರೆ ಒಳ್ಳೇದಾಯ್ತು. ಬೇರೆಯವರತ್ರ ಓದಿಸುವುದು ಯಾಕೆ ಅಂತ ಬಂದೆ. ಎಂತ ಉಂಟು ಇದ್ರಲ್ಲಿ, ಓದಿ ಹೇಳಿ." ಕುರ್ಚಿ ತೋರಿಸಿದರೂ ಕೂರಲಿಲ್ಲ. "ಅಮ್ಮನಿಗೆ ಬೇಸರ ಆಗುವಂಥದ್ದು ಎಂತಾದ್ರೂ ಇದ್ರೆ ನಂಗೆ ಬೇಡ. ನಂಗೆ ಸಲ್ಲುವಂಥದ್ದು ಇದ್ರೆ ಮಾತ್ರ ಹೇಳಿ."

ನಾನು ಕಾಗದ ತೆಗೆದುಕೊಂಡು ಮೊದಲ ಪುಟದಿಂದ ತುಳುವಿಗೆ ತಿರುಗಿಸುತ್ತ ಓದಿದೆ. ಯಾರು ಅರ್ಜಿ ಹಾಕಬಹುದು, ಎಲ್ಲಿ, ಎಷ್ಟರೊಳಗೆ. ಎರಡನೆಯ ಪುಟದ ನಡುವಿಗೆ ಬಂದೆ. ಅಲ್ಲಿ ನನ್ನ ಆ ಮೂರು ವಾಕ್ಯಗಳಿದ್ದವು. ನನ್ನ ಕಣ್ಣು ಅವುಗಳನ್ನು ದಾಟಿ ಮುಂದಿನ ಸಾಲಿಗೆ ಹೋಯಿತು. ಹೀಗೆ ಮಾಡಬೇಕೆಂದು ಮೊದಲೇ ಯೋಚಿಸಿದ್ದೆ ಎಂದು ಹೇಳಲಾರೆ, ಯೋಚಿಸಿರಲಿಲ್ಲ ಎಂದೂ ಹೇಳಲಾರೆ. ತಿದ್ದುವವನ ಕಣ್ಣಿಗೆ ಅದು ಅಭ್ಯಾಸದ ಕೆಲಸ. ಯಾವುದು ಬೇಡವೋ ಅದನ್ನು ಬಿಟ್ಟು ಮುಂದೆ ಹೋದರೆ ಓದುವವನಿಗೆ ಬಿಟ್ಟ ಜಾಗ ಗೊತ್ತಾಗಬಾರದು.

ಅವನಿಗೆ ಗೊತ್ತಾಗಲಿಲ್ಲ. ಆದರೂ ಕೇಳಿದ.

"ಚೀಟಿ ಬೇಕಾ ಇದಕ್ಕೆ?"

"ಚೀಟಿ ಇದ್ದವರು ಅರ್ಜಿಯ ಒಟ್ಟಿಗೆ ಕೊಡಬೇಕು ಅಂತ ಉಂಟು." ಅದು ಸುಳ್ಳಲ್ಲ. ಹಾಗೆಯೇ ಇತ್ತು.

"ಇಲ್ಲದವರು?"

ಎದುರಿನ ಮೇಜಿನಲ್ಲಿ ಬೆರಳಚ್ಚಿನವರು ಊಟ ಮುಗಿಸಿ ಡಬ್ಬಿ ಮುಚ್ಚುತ್ತಿದ್ದರು. ಅವರಿಗೆ ತುಳು ಬರುತ್ತಿರಲಿಲ್ಲ. ಬರುತ್ತಿದ್ದರೆ ನಾನು ಬೇರೆ ಉತ್ತರ ಕೊಡುತ್ತಿದ್ದೆನೋ ಏನೋ.

"ಇಲ್ಲದವರ ಬಗ್ಗೆ ಇದ್ರಲ್ಲಿ ಎಂತದೂ ಇಲ್ಲ," ಅಂದೆ.

"ಆವು," ಅಂದ. ಆಗಲಿ ಎಂದು ಅರ್ಥ. ಮುಖದಲ್ಲಿ ಬೇಸರವಿತ್ತೋ ಇಲ್ಲವೋ ನಾನು ನೋಡಲಿಲ್ಲ, ಕರಪತ್ರವನ್ನು ಮಡಚುತ್ತಿದ್ದೆ. ಅವನು ಅದನ್ನು ತೆಗೆದುಕೊಂಡು ಸೊಂಟಕ್ಕೆ ಸಿಕ್ಕಿಸಿದ. "ಬರೆದವರೇ ಓದಿ ಹೇಳಿದ ಮೇಲೆ ಮತ್ತೆ ಯಾರತ್ರ ಕೇಳುವುದು. ಒಂದು ತಲೆಬಿಸಿ ಹೋಯ್ತು" ಎಂದು, ಹರಿವೆ ಕಟ್ಟನ್ನು ನನ್ನ ಮೇಜಿನ ಕಾಲಿಗೆ ಒರಗಿಸಿಟ್ಟು ಇಳಿದು ಹೋದ. ಆ ಸೊಪ್ಪನ್ನು ಅಮ್ಮ ಅವತ್ತು ಸಂಜೆ ಪದಾರ್ಥ ಮಾಡಿದರು. ನಾನು ಉಂಡೆ.

ಆಮೇಲೆ ನೆರೆಯವರು ಸುಮ್ಮನಿರಲಿಲ್ಲ. ಚೀಟಿ ಬೇಕಾಗಿಲ್ಲ, ನಾವು ಬಂದು ಹೇಳ್ತೇವೆ, ಅರ್ಜಿ ಹಾಕು ಎಂದು ಚಹಾದಂಗಡಿಯಲ್ಲಿ ಅವನಿಗೆ ಹೇಳಿದವರಿದ್ದರು. ಅವನು ಎಲ್ಲರಿಗೂ ಒಂದೇ ಉತ್ತರ ಕೊಟ್ಟನಂತೆ. "ಅದನ್ನು ಬರೆದವರೇ ನನಗೆ ಓದಿ ಹೇಳಿದ್ದಾರೆ. ನೀವು ಅವರಿಗಿಂತ ಹೆಚ್ಚು ಓದಿದವರಾ?" ಅವರು ಬಾಯಿ ಮುಚ್ಚಿಕೊಂಡರು. ನನ್ನ ಓದಿನ ಮೇಲೆ ಬೈಲಿನವರಿಗೆಲ್ಲ ಅಷ್ಟು ಗೌರವ.

ಗಡುವು ಮುಗಿಯಿತು. ಸರಕಾರ ಅದನ್ನು ಮುಂದಕ್ಕೆ ಹಾಕಿತು. "ಅವಧಿ ವಿಸ್ತರಣೆ: ಒಕ್ಕಲುಗಳಿಗೆ ಮತ್ತೊಂದು ಅವಕಾಶ" ಎಂಬ ಟಿಪ್ಪಣಿ ಬರೆದವನು ನಾನು. ನನಗೂ ಅದು ಮತ್ತೊಂದು ಅವಕಾಶವಾಗಿತ್ತು. ಸಂಜೆ ಮನೆಗೆ ಬರುವಾಗ ಗದ್ದೆಯ ಅಂಚಿನಲ್ಲೇ ನಡೆದು ಬರುತ್ತಿದ್ದೆ, ಅವನು ಕಂಡರೆ "ಎಂತ ಧಣಿ, ಬಂದ್ರಾ?" ಎನ್ನುತ್ತಿದ್ದ, ನಾನು "ಬಂದೆ" ಎನ್ನುತ್ತಿದ್ದೆ. ಆಡಲು ಒಂದೇ ವಾಕ್ಯ ಬೇಕಿತ್ತು, ಅದೂ ನಾನೇ ಬರೆದು ಅಚ್ಚು ಹಾಕಿಸಿದ ವಾಕ್ಯ. ಬಾಯಿಯವರೆಗೆ ಬಂದದ್ದೂ ಉಂಟು. ಮನೆಯ ಮೆಟ್ಟಿಲಲ್ಲಿ ಕೂತಿರುವ ಅಮ್ಮ ಕಣ್ಣಿಗೆ ಬೀಳುತ್ತಿದ್ದರು. ಗಡುವು ಮತ್ತೊಮ್ಮೆ ಮುಂದೆ ಹೋಯಿತು, ಮತ್ತೆ ನಾನೇ ಟಿಪ್ಪಣಿ ಬರೆದೆ. ಕೊನೆಗೆ "ಇದೇ ಅಂತಿಮ" ಎಂಬುದನ್ನೂ ನಾನೇ ಬರೆದೆ, ದಪ್ಪ ಅಕ್ಷರದಲ್ಲಿ ಹಾಕಬೇಕೆಂದು ಅಂಚಿನಲ್ಲಿ ಗುರುತು ಮಾಡಿದೆ.

ಆ ವರ್ಷಗಳಲ್ಲಿ ನನಗೆ ಕಚೇರಿಯಲ್ಲಿ ಒಳ್ಳೆಯ ಹೆಸರು ಬಂತು. ಗದ್ದೆ ಸಿಕ್ಕಿದ ಒಕ್ಕಲುಗಳ ಯಶೋಗಾಥೆ ಬರೆಯುವುದರಲ್ಲಿ ನನ್ನನ್ನು ಬಿಟ್ಟರಿಲ್ಲ. ಹಕ್ಕುಪತ್ರ ಹಿಡಿದು ನಿಂತ ಮುದುಕಿಯ ಫೋಟೊ, ಕೆಳಗೆ ನನ್ನ ಬರಹ. ಓದಿದವರ ಕಣ್ಣು ಒದ್ದೆಯಾಗುತ್ತಿತ್ತು. ನನ್ನ ಕರಪತ್ರವನ್ನು ಮಾದರಿಯೆಂದು ಬೇರೆ ಜಿಲ್ಲೆಗಳಿಗೂ ಕಳಿಸಿದರು. ಅಧಿಕಾರಿ ಬೆನ್ನು ತಟ್ಟಿದರು, ತಾವು ಕೆಂಪು ಗೆರೆ ಎಳೆದದ್ದನ್ನು ಮರೆತು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂಬ ಗಾದೆಯನ್ನು ಸರಕಾರದ ಮೇಲೆ ಪ್ರಯೋಗಿಸುವುದು ನಮ್ಮ ಊರಿನವರಿಗೆ ಅಭ್ಯಾಸ. ಅವತ್ತು ಸರಕಾರ ಹೇಳಿದ್ದು ಸರಿಯಾಗಿಯೇ ಇತ್ತು. ಬದನೆಕಾಯಿ ತಿಂದವನು ನಾನು.

ಎಂಬತ್ತರ ದಶಕ ಬಂದಾಗ ಬೈಲಿನಲ್ಲಿ ಒಂದೊಂದೇ ಗದ್ದೆಗೆ ಮಣ್ಣು ಬೀಳತೊಡಗಿತು. ಕಾಲೇಜು, ನರ್ಸಿಂಗ್ ಹೋಮು, ಮಹಡಿ ಮೇಲೆ ಮಹಡಿ. ನಮ್ಮ ಗದ್ದೆಯನ್ನೂ ಒಬ್ಬ ಬಿಲ್ಡರ್ ಕೇಳಿದ. ಅಮ್ಮ ಕೊಟ್ಟರು. ಒಕ್ಕಲಿನವನಿಗೆ ಹೇಳುವ ಕೆಲಸ ಮಾವ ಮಾಡಿದರು, ನಾನು ಅವತ್ತು ಕಚೇರಿಯಲ್ಲಿದ್ದೆ. ಅವನು ಜಗಳಕ್ಕೆ ಬರಲಿಲ್ಲ. ನೆರೆಯವರು ವಕೀಲರ ಮಾತೆತ್ತಿದಾಗ, "ಕಾಗದದಲ್ಲಿ ನಮ್ಮಂಥವರ ಬಗ್ಗೆ ಎಂತದೂ ಇಲ್ಲ, ಸುಮ್ಮನೆ ಯಾಕೆ" ಅಂದನಂತೆ. ಗುಡಿಸಲು ಬಿಚ್ಚಿ, ಹಂಡೆ, ಪಾತ್ರೆ, ನೇಗಿಲು ಎಲ್ಲ ಒಂದು ಗಾಡಿಯಲ್ಲಿ ಹೇರಿ ಹೊರಡುವ ಮುಂಚೆ ಅಮ್ಮನ ಕಾಲಿಗೆ ಅಡ್ಡಬಿದ್ದು ಹೋದ. ಗದ್ದೆಯಿಲ್ಲದ ಜಾಗಕ್ಕೆ ನೇಗಿಲು ಯಾಕೆ ಒಯ್ದನೋ. ಹೊಳೆ ದಾಟಿ ಉಳ್ಳಾಲದ ಕಡೆ ಒಂದು ಬಾಡಿಗೆ ಕೋಣೆ ಹಿಡಿದು, ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊರುವ ಕೆಲಸಕ್ಕೆ ಸೇರಿದ ಎಂದು ಆಮೇಲೆ ಕೇಳಿದೆ. ಒಂದೆರಡು ವರ್ಷದಲ್ಲಿ ಎದೆನೋವು, ಕೆಮ್ಮು ಹಿಡಿದು ಮಲಗಿದ ಎಂದೂ ಕೇಳಿದೆ. ಹೋಗಿ ನೋಡಲಿಲ್ಲ.

ಅದೇ ಹೊತ್ತಿಗೆ ನಮ್ಮ ಕಚೇರಿಗೆ ಹೊಸ ಕೆಲಸ ಬಂದಿತ್ತು. ದೊಡ್ಡವರಿಗೆ ಅಕ್ಷರ ಕಲಿಸುವ ಯೋಜನೆ. ಹೊಸದಾಗಿ ಓದಲು ಕಲಿತವರಿಗಾಗಿ ಸಣ್ಣ ಸಣ್ಣ ಪುಸ್ತಿಕೆಗಳು ಬೇಕು, ದೊಡ್ಡ ಅಕ್ಷರ, ಚಿಕ್ಕ ವಾಕ್ಯ. ನನ್ನ ಕೈಗೆ ಅದು ಒಗ್ಗಿದ ಕೆಲಸ. ಬೀಡಿ ಕಟ್ಟುವ ಹೆಂಗಸರಿಗೆಂದು ಒಂದು ಪುಸ್ತಿಕೆಯನ್ನು ಎಲೆ, ನೂಲು, ಕತ್ತರಿ ಎಂಬ ಮಾತುಗಳಿಂದಲೇ ಶುರು ಮಾಡಿದ್ದೆ. ಕಟ್ಟಿದ ಬೀಡಿ ಒಪ್ಪಿಸುವ ಬ್ರಾಂಚಿನ ಜಗಲಿಯಲ್ಲಿ ಮಧ್ಯಾಹ್ನದ ಹೊತ್ತು ಪಾಠ ನಡೆಯುತ್ತಿತ್ತು.

ಒಂದು ದಿನ ಒಕ್ಕಲಿನವನ ಹೆಂಡತಿ ಕಚೇರಿಗೆ ಬಂದಳು. ನಲವತ್ತು ದಾಟಿದ ಹೆಂಗಸು, ಬೆರಳ ತುದಿಯೆಲ್ಲ ಹೊಗೆಸೊಪ್ಪಿನ ಹಳದಿ. ಕಂಕುಳಲ್ಲಿ ನನ್ನ ಪುಸ್ತಿಕೆ ಇತ್ತು. ಅದರ ನಡುವಿನಿಂದ ಮಡಿಕೆಗಳಲ್ಲಿ ಹರಿದ ಒಂದು ಹಳೆಯ ಕಾಗದವನ್ನು ಹುಷಾರಾಗಿ ತೆಗೆದಳು. ನೋಡಿದ ಕೂಡಲೇ ನನಗೆ ಗುರುತು ಸಿಕ್ಕಿತು.

"ಧಣಿಗಳೇ, ಒಂದು ಕೇಳ್ಲಿಕ್ಕುಂಟು. ನಾನು ಓದುವುದು ಸರಿ ಉಂಟಾ ನೋಡಿ."

ಮೇಜಿನ ಮೇಲೆ ಕಾಗದ ಹರಡಿ, ಅಕ್ಷರದ ಕೆಳಗೆ ಬೆರಳಿಟ್ಟು, ಕನ್ನಡದಲ್ಲಿ, ಶಾಲೆಯ ಮಕ್ಕಳ ಹಾಗೆ ಬಿಡಿಸಿ ಬಿಡಿಸಿ ಓದಿದಳು. "ಚೀಟಿ... ಇಲ್ಲದಿ... ದ್ದರೆ... ಹೆದರ... ಬೇಡಿ. ಬಾಯಿ... ಮಾತಿನ... ಗೇಣಿಯೂ... ಗೇಣಿಯೇ." ಮೂರನೆಯ ವಾಕ್ಯವನ್ನೂ ಓದಿ ಮುಗಿಸಿ ತಲೆಯೆತ್ತಿದಳು.

"ಅವರ ಪೆಟ್ಟಿಗೆಯಲ್ಲಿ ಇತ್ತು. ಓದ್ಲಿಕ್ಕೆ ಬಂತಲ್ಲ, ಮನೆಯಲ್ಲಿ ಬೇರೆ ಎಂತ ಕಾಗದ ಉಂಟು ಓದ್ಲಿಕ್ಕೆ? ಇದನ್ನೇ ಓದಿದೆ. ಅವರಿಗೆ ಹೇಳಿದೆ, ಹೀಗೆ ಉಂಟು ಅಂತ. ಅವರು ಎಂತ ಹೇಳಿದ್ರು ಗೊತ್ತುಂಟಾ? ಬರೆದವರೇ ನಂಗೆ ಓದಿ ಹೇಳಿದ್ದಾರೆ, ಅದ್ರಲ್ಲಿ ಹಾಗೆ ಇರ್ಲಿಲ್ಲ, ನಿಂಗೆ ಓದ್ಲಿಕ್ಕೆ ಬರುವುದಿಲ್ಲ ಅಂತ. ನಾನು ಟೀಚರತ್ರ ಕೇಳಿದೆ. ಸರಿ ಉಂಟು ಅಂದ್ರು. ಇವರು ಟೀಚರನ್ನೂ ನಂಬುವುದಿಲ್ಲ. ಪಾಠಕ್ಕೆ ಹೋಗುವುದು ಸಾಕು, ಹೊತ್ತು ಹಾಳು ಅಂತಾರೆ. ಅದಕ್ಕೆ ನಿಮ್ಮತ್ರವೇ ಬಂದೆ. ತಪ್ಪಾದ್ರೆ ಹೇಳಿ, ನಾಳೆಯಿಂದ ಹೋಗುವುದಿಲ್ಲ."

ತಪ್ಪು ಎಂದು ಹೇಳಬಹುದಿತ್ತು. ಅವಳು ನಂಬುತ್ತಿದ್ದಳು ಎಂದೇ ನನಗೆ ಈಗಲೂ ಅನಿಸುತ್ತದೆ. ನಂಬಿ, ಪುಸ್ತಿಕೆಯನ್ನು ಒಲೆಗೆ ಹಾಕಿ, ಮತ್ತೆ ಬೀಡಿ ಕಟ್ಟಲು ಕೂರುತ್ತಿದ್ದಳು.

"ಸರಿ ಓದಿದ್ದೀ," ಅಂದೆ.

ಅವಳು ಅದೇ ಸಾಲಿನ ಮೇಲೆ ಮತ್ತೆ ಬೆರಳಿಟ್ಟಳು. "ಅವತ್ತೂ ಇದ್ರಲ್ಲಿ ಇದು ಇತ್ತಾ?"

"ಇತ್ತು."

"ನೀವು ಓದಿ ಹೇಳಿದ ದಿನ?"

"ಇತ್ತು. ನಾನು ಓದ್ಲಿಲ್ಲ."

"ಈಗ ಅರ್ಜಿ ಹಾಕ್ಲಿಕ್ಕೆ ಆಗ್ತದಾ?"

"ಇಲ್ಲ. ಅವಧಿ ಮುಗಿದಿದೆ."

ಬೈಯುತ್ತಾಳೆ ಎಂದು ಕಾದೆ. ಬೈದರೆ ಒಳ್ಳೆಯದಿತ್ತು. ಕಚೇರಿಯವರೆಲ್ಲ ಎದ್ದು ಬರಲಿ, ಅಧಿಕಾರಿಯೂ ಬರಲಿ ಎಂದು ನನಗೆ ಆ ಹೊತ್ತಿನಲ್ಲಿ ಆಸೆಯಾಯಿತು. ಅವಳ ದನಿ ಏರಲೇ ಇಲ್ಲ.

"ಅವರಿಗೆ ಹೇಳ್ಬೇಡಿ," ಅಂದಳು. "ನನ್ನ ಓದು ತಪ್ಪು ಅಂತಲೇ ಆಗ್ಲಿ. ಮಲಗಿದಲ್ಲೇ ಇದ್ದಾರೆ, ಇನ್ನೆಷ್ಟು ದಿನವೋ. ನಮ್ಮ ಸಣ್ಣ ಧಣಿ ಸುಳ್ಳು ಹೇಳುವವರಲ್ಲ ಅಂತ ದಿನಕ್ಕೊಂದು ಸಲ ಹೇಳ್ತಾರೆ. ಹೆಗಲ ಮೇಲೆ ಕೂರಿಸಿಕೊಂಡು ಶಾಲೆಗೆ ದಾಟಿಸಿದ್ದೇನೆ ಅಂತ ಬಂದವರಿಗೆಲ್ಲ ಹೇಳ್ತಾರೆ. ಜಾಗ ಹೋಯ್ತು. ಅದೊಂದಾದ್ರೂ ಇರ್ಲಿ ಅವರಿಗೆ."

ಹೊರಡುವಾಗ ಕರಪತ್ರವನ್ನು ನನ್ನ ಕಡೆಗೆ ಸರಿಸಿದಳು. "ಇದು ನಿಮ್ಮತ್ರವೇ ಇರ್ಲಿ. ಮನೆಯಲ್ಲಿದ್ರೆ ಕಣ್ಣಿಗೆ ಬಿದ್ದಾಗೆಲ್ಲ ಓದಿ ಹೋಗ್ತದೆ." ಪುಸ್ತಿಕೆಯನ್ನು ಮಾತ್ರ ಕಂಕುಳಲ್ಲಿ ಇಟ್ಟುಕೊಂಡು ಮೆಟ್ಟಿಲಿಳಿದಳು.

ಆ ಮಳೆಗಾಲದಲ್ಲೇ ಅವನು ಹೋದ. ಸುದ್ದಿ ತಿಳಿದು ನಾನು ಈ ಸಲ ಹೋದೆ. ಉಳ್ಳಾಲದ ಬಸ್ಸಿಳಿದು, ಕೊಡೆ ಹಿಡಿದು, ಕೇಳಿ ಕೇಳಿ ಆ ಕೋಣೆಯನ್ನು ಹುಡುಕಿದೆ. ಹೊರಗೆ ಗೋಣಿತಾಟಿನ ಕೆಳಗೆ ಹತ್ತಿಪ್ಪತ್ತು ಜನ ಕೂತಿದ್ದರು. ಅವನ ಭಾವ, ಹೆಂಡತಿಯ ಅಣ್ಣ, ನನ್ನನ್ನು ಕಂಡು ಎದ್ದು, ಎಲ್ಲಿಂದಲೋ ಒಂದು ಮಡಚುವ ಕುರ್ಚಿ ತಂದು ಹಾಕಿ, ಬಂದವರಿಗೆಲ್ಲ ಪರಿಚಯ ಹೇಳಿದ. "ಇವರೇ ಕೊಡಿಯಾಲ್‌ಬೈಲಿನ ಧಣಿಗಳು. ಸರಕಾರದ ಕಾಗದವೆಲ್ಲ ಬರೆಯುವುದು ಇವರೇ. ಭಾವನಿಗೆ ಇವರು ಅಂದ್ರೆ ಜೀವ." ನಾಲ್ಕಾರು ಮಂದಿ ಕೈ ಮುಗಿದರು. ನಾನು ಕುರ್ಚಿಯಲ್ಲಿ ಕೂತೆ. ಒಬ್ಬರ ಮುಖವನ್ನೂ ನೋಡುವ ಧೈರ್ಯ ನನಗಿರಲಿಲ್ಲ, ಅಂಗಳದಲ್ಲಿ ಹರಿಯುವ ನೀರನ್ನು ನೋಡಿದೆ. ಗೋಡೆಗೆ ಒರಗಿಸಿಟ್ಟ ನೇಗಿಲು ಅಲ್ಲೇ ಇತ್ತು.

ಗಂಡ ಸತ್ತವರಿಗೆ ಸರಕಾರ ತಿಂಗಳಿಗಿಷ್ಟು ಕೊಡುತ್ತದೆಂದು ಯಾರೋ ಅರ್ಜಿಯ ನಮೂನೆಯೊಂದನ್ನು ತಂದಿದ್ದರು. ಅದು ಕೈಯಿಂದ ಕೈಗೆ ದಾಟಿತು. ಒಬ್ಬ ಹೇಳಿದ, "ಧಣಿಗಳು ಇದ್ದಾರಲ್ಲ, ಅವರೇ ಓದಿ ಹೇಳ್ಲಿ. ಅವರಿಗಿಂತ ಬೇಕಾ?" ಭಾವ ಅದನ್ನು ತಂದು ನನ್ನ ಮುಂದೆ ಹಿಡಿದ. ನಾನು ಕೈ ಚಾಚಿದೆ. ಅಭ್ಯಾಸಬಲ.

ಒಳಗಿನಿಂದ ಅವಳು ಬಂದಳು. ಸೆರಗಿಗೆ ಕೈ ಒರೆಸಿಕೊಂಡು ಅಣ್ಣನ ಕೈಯಿಂದ ಕಾಗದ ತೆಗೆದುಕೊಂಡಳು. ನನ್ನ ಕಡೆ ನೋಡಲಿಲ್ಲ.

"ಬೇಡ. ನಾನು ಓದ್ತೇನೆ."

ಹೊಸ್ತಿಲ ಬಳಿ ಬೆಳಕಿದ್ದಲ್ಲಿ ಕೂತು, ಅಕ್ಷರದ ಕೆಳಗೆ ಬೆರಳಿಟ್ಟು ಶುರು ಮಾಡಿದಳು. ನಮ್ಮ ಅಧಿಕಾರಿಗೆ ಪ್ರಿಯವಾದ ಕನ್ನಡ ಅದು, "ಸಕ್ಷಮ ಪ್ರಾಧಿಕಾರದಿಂದ ದೃಢೀಕರಿಸಲ್ಪಟ್ಟ" ಎಂದೆಲ್ಲ ಇತ್ತು. ಅಲ್ಲಿ ತಡವರಿಸಿದಳು. ಹಿಂದಕ್ಕೆ ಹೋಗಿ ಆ ಸಾಲನ್ನು ಮೊದಲಿನಿಂದ ಓದಿದಳು, ಮತ್ತೆ ತಡವರಿಸಿದಳು, ಮತ್ತೆ ಹಿಂದಕ್ಕೆ ಹೋದಳು. ಕೂತವರಿಗೆ ಬೇಸರ ಬಂತು.

"ಅದು ಬಿಡು ಮಾರಾಯ್ತಿ, ಮುಂದಿನದ್ದು ಓದು," ಎಂದ ಅಣ್ಣ.

"ಬಿಡ್ಲಿಕ್ಕಿಲ್ಲ," ಅಂದಳು. "ಎಲ್ಲ ಓದ್ಬೇಕು."

ಮಳೆ ಜೋರಾಯಿತು. ಅವಳು ದನಿಯನ್ನು ಸ್ವಲ್ಪ ಏರಿಸಿ ಓದುತ್ತ ಹೋದಳು. ನಾನು ಆ ಕುರ್ಚಿಯಲ್ಲೇ ಕೂತು ಕೊನೆಯ ಸಾಲಿನವರೆಗೂ ಕೇಳಿದೆ.